ಮೂಕಜ್ವರಕ್ಕೊಬ್ಬ ಬದಲಿ

ಮೂಕಜ್ವರ ಎಂಬ ಮಹಾಮಾರಿಯನ್ನು ನಾನು ನನ್ನ ಎಡಗೈ ಉಂಗುರ ಬೆರಳಿನ ಹನಿ ರಕ್ತದಿಂದ ಅರಬ್ಬಿ ಸಮುದ್ರಕ್ಕೆ ಅಟ್ಟಿದೆ. ಅದು ಕಾರವಾರದ ಹತ್ತಿರ ನೀರಿಗೆ ಬಿದ್ದ ದಿನದಿಂದಲೇ ಮೀನುಗಳಿಗೆ ಮಾತು ನಿಂತದ್ದು. ಅದಕ್ಕೂ ಮೊದಲು ಬಂಗಡೆ, ತಾರ್ಲೆಗಳೆಲ್ಲ ಚೆನ್ನಾಗಿಯೇ ಮಾತಾಡುತ್ತಿದ್ದವು. ಇಸವಣಕ್ಕಂತೂ ಸಂಗೀತದ ಗಂಧವೂ ಇತ್ತು. ನಂಬಿಕೆ ಬಾರದಿದ್ದರೆ ಯಾವುದಾದರೂ ಮೀನನ್ನು ಕೇಳಿ ನೋಡಿ. ಉತ್ತರ ಬರುವುದಿಲ್ಲ. ಅದೇ ಸಾಕ್ಷಿ.

ನನ್ನ ಹೆಸರು ಅಡಿವೆಪ್ಪ ಕಮತರ. ಶ್ರೀ ಹಾಲಗಂಗಾ ನಾಟ್ಯ ಸಂಘದ ಹಾಸ್ಯನಟ. ನಾನು ರಂಗಕ್ಕೆ ಬಂದು ಬರಿದೆ ಎಡ ಹುಬ್ಬು ಎತ್ತಿದರೆ ಸಾಕು, ಮುಂದಿನ ಸಾಲಿನ ಹಿರಿಯರು ನಕ್ಕು ನಕ್ಕು ಹಲ್ಲಿನ ಸೆಟ್ಟು ಉದುರಿಸಿಕೊಳ್ಳುತ್ತಾರೆ. ಆಟ ಮುಗಿದ ಮೇಲೆ ಅವನ್ನೆಲ್ಲ ಪುಟ್ಟಿಯಲ್ಲಿ ತುಂಬಿ ಗೇಟಿನ ಹತ್ತಿರ ಇಡುತ್ತೇವೆ. ಅವರವರದನ್ನು ಅವರವರು ಹುಡುಕಿಕೊಂಡು ಹೋಗಬೇಕು. ನನ್ನ ಹೆಂಡತಿ ನೀಲವ್ವ ಅದೇ ಕಂಪನಿಯ ನಾಯಕಿ. ಹಾಡುತ್ತಾಳೆ, ಮಾತಾಡುತ್ತಾಳೆ, ಪಾತ್ರ ಕೇಳಿದರೆ ಅಳುತ್ತಾಳೆ. ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲಿ, ಡೇರೆಯ ಹಿಂದಿನ ನಮ್ಮ ತಗಡಿನ ಕೋಣೆಯಲ್ಲಿ, ನನ್ನ ಎದುರಿಗೇ ಕೂತು ಚಟ್ನಿಗೆಂದು ಶೇಂಗಾ ಸುಲಿಯುತ್ತಿದ್ದಾಳೆ. ಏನು ಬರೀತೀರಿ ಎಂದು ಕೇಳಿದಳು. ವಿಜ್ಞಾನ ಎಂದೆ. ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.

ಈಗ ಸತ್ತುಹೋದ ನಟರೂ ಹೊಸ ಚಿತ್ರಗಳಲ್ಲಿ ನಟಿಸುವ ಕಾಲ. ಗೋಡೆಯಷ್ಟು ಅಗಲದ ಟಿವಿಯೊಳಗೆ ಯಂತ್ರವೇ ಕಥೆ ಕಟ್ಟಿ, ಯಂತ್ರವೇ ಹಾಡಿ, ಯಂತ್ರವೇ ಅಳುತ್ತದೆ. ಇನ್ನು ಕಂಪನಿ ನಾಟಕ ಮುಗಿಯಿತು ಎಂದು ಎಲ್ಲರೂ ಕೈತೊಳೆದುಕೊಂಡಿದ್ದರು. ಆದರೆ ಯಂತ್ರ ಮಾತು ಮರೆಯುವುದಿಲ್ಲ. ಜನರಿಗೆ ಬೇಕಾಗಿದ್ದದ್ದು ನಡುರಂಗದಲ್ಲಿ ಮಾತು ಮರೆತು, ಬೆವರಿ, ಬಾಯಿಗೆ ಬಂದದ್ದು ಹೇಳಿ ಪಾರಾಗುವ ಮನುಷ್ಯ. ಹಾಗಾಗಿ ನಾವು ಉಳಿದೆವು. ಹೋದ ವರ್ಷ ಗಜೇಂದ್ರಗಡದಲ್ಲಿ ಡೇರೆ ಹಾಕಿದಾಗ ಜನ ಎಷ್ಟು ಕಿಕ್ಕಿರಿದರೆಂದರೆ, ನಗುವುದಕ್ಕೆ ಜಾಗ ಸಾಲದೆ ಪಾಳಿಯ ಮೇಲೆ ನಕ್ಕರು.

ಆಗ ಬಂತು ಮೂಕಜ್ವರ.

ಅದು ಕೊಲ್ಲುವ ರೋಗವಲ್ಲ. ಒಂದೆರಡು ದಿನ ಮೈ ಬಿಸಿ, ಆಮೇಲೆ ಧ್ವನಿ ಹೋಗುತ್ತದೆ. ನೋವಿಲ್ಲ, ಕೆಮ್ಮಿಲ್ಲ; ಬಾಯಿ ತೆರೆದರೆ ಬರೀ ಗಾಳಿ. ಕೆಲವರಿಗೆ ಮೂರು ತಿಂಗಳು, ಕೆಲವರಿಗೆ ವರ್ಷ. ಜನ ಒಗ್ಗಿಕೊಂಡರು ಅನ್ನಿ. ಕಂಡಕ್ಟರುಗಳು ಸೀಟಿಯಲ್ಲೇ ಊರ ಹೆಸರು ಹೇಳಲು ಕಲಿತರು. ಸಂತೆಯಲ್ಲಿ ಚೌಕಾಸಿಯೆಲ್ಲ ಬೆರಳಿನಲ್ಲಿ ನಡೆಯಿತು. ರೋಣದ ಒಬ್ಬ ವಕೀಲರು ಹುಬ್ಬು, ಭುಜ ಕುಣಿಸಿಯೇ ಕೇಸು ಗೆದ್ದರೆಂದು ಸುದ್ದಿ. ಆದರೆ ನಾಟಕದವರು ಏನು ಮಾಡಬೇಕು? ಪಕ್ಕದ ಜಿಲ್ಲೆಯ ಇನ್ನೊಂದು ಕಂಪನಿಯ ಒಬ್ಬ ದೊಡ್ಡ ನಟ ಧ್ವನಿ ಕಳೆದುಕೊಂಡು ಪರದೆ ಎಳೆಯುವ ಕೆಲಸಕ್ಕೆ ನಿಂತಿದ್ದ. ಅವನ ಸುದ್ದಿ ಬಂದ ದಿನ ನಮ್ಮ ಕಂಪನಿಯಲ್ಲಿ ಯಾರೂ ಊಟ ಮಾಡಲಿಲ್ಲ. ನಾನು ಮಾತ್ರ, ಅನ್ನ ಹಾಳಾಗಬಾರದೆಂದು, ಎಲ್ಲರದ್ದೂ ಮಾಡಿದೆ.

ನಮ್ಮ ಮಾಲೀಕರು ದಾಕ್ಷಾಯಣಿ ಅವ್ವಾರು. ಒಂದು ಕಾಲಕ್ಕೆ ಅವರೂ ನಾಯಕಿಯೇ. 'ಡೌಲಿನ ದಳವಾಯಿ' ಎಂಬ ಹೊಸ ನಾಟಕ ಕೂರಿಸುತ್ತಿದ್ದರು. ನನಗೆ ಬಡಾಯಿ ಕೊಚ್ಚುವ ದಳವಾಯಿಯ ಪಾತ್ರ, ನೀಲವ್ವನಿಗೆ ದಳವಾಯಿಯ ಹೆಂಡತಿಯ ಪಾತ್ರ. ಆ ನಾಟಕ ನಿಲ್ಲುವುದೂ ಬೀಳುವುದೂ ನಮ್ಮಿಬ್ಬರ ಗಂಟಲಿನ ಮೇಲೆ. ಅದಕ್ಕೆ ಅವ್ವಾರು ಹುಬ್ಬಳ್ಳಿಯ ಪ್ರಯೋಗಾಲಯಕ್ಕೆ ಫೋನು ಮಾಡಿದರು. ಡಾಕ್ಟರ್ ರಿಜ್ವಾನಾ ನದಾಫ ಅವರು ತಾಲೀಮಿನ ಹೊತ್ತಿಗೆ ಡೇರೆಗೇ ಬಂದರು.

ಡಾಕ್ಟರು ಮುಂದಿನ ಸಾಲಿನ ಕುರ್ಚಿಯ ಕೆಳಗಿಂದ ಶೇಂಗಾ ಸಿಪ್ಪೆಯೊಂದನ್ನು ಎತ್ತಿಕೊಂಡರು. ನಮ್ಮ ಡೇರೆಯಲ್ಲಿ ನೆಲ ಕಾಣುವುದಕ್ಕಿಂತ ಶೇಂಗಾ ಸಿಪ್ಪೆ ಕಾಣುವುದೇ ಹೆಚ್ಚು.

"ನೋಡ್ರಿ, ನಿಮ್ಮ ಮೈಯೊಳಗ ಕಾವಲು ಕಾಯೋ ಕೋಶ ಅದಾವ. ರೋಗಾಣು ಸಿಕ್ತಂದ್ರ ಅದನ್ನ ನುಂಗಿ, ಚೂರು ಚೂರು ಮಾಡಿ, ಒಂದೊಂದು ಚೂರನ್ನ ಇಂಥಾ ಅರ್ಧ ಸಿಪ್ಪ್ಯಾಗ ಇಟ್ಟು ಹೊರಗ ಹಿಡೀತಾವ. ನೋಡಪಾ, ಇಂಥಾದ್ದು ಮನಿ ಹೊಕ್ಕೈತಿ ಅಂತ."

"ಯಾರಿಗೆ ತೋರಸ್ತಾವ್ರಿ ಅವು?" ಎಂದು ಕೇಳಿದವನು ಹಾರ್ಮೋನಿಯಂ ಮಾಸ್ತರ ಕಾಡಸಿದ್ಧ. ಎದೆಯವರೆಗೆ ಗಡ್ಡ ಬಿಟ್ಟವನು.

"ನಿಮ್ಮಂಥವರಿಗೆ, ಮಾಸ್ತರ. ಸಹಾಯಕ ಟಿ ಕೋಶ ಅಂತಾರ. ಅದು ತಾನು ಬಡದಾಡೂದಿಲ್ಲ. ಆದ್ರ ಅದು ಸ್ವರ ಹಿಡದು ಕೊಡೋತನಕ ಯಾರೂ ಹಾಡೂದಿಲ್ಲ. ಪ್ರತಿಕಾಯ ಮಾಡೋ ಕೋಶನೂ ಸುಮ್ಮ ಕೂಡ್ತಾವ, ರೋಗ ಹಿಡದದ್ದನ್ನ ಕೊಲ್ಲೋ ಕೋಶನೂ ಸುಮ್ಮ ಕೂಡ್ತಾವ."

"ಕೇಳಿಸ್ಕೊಂಡ್ರೇನು ಎಲ್ಲಾರೂ?" ಎಂದ ಕಾಡಸಿದ್ಧ ಗಡ್ಡ ನೀವಿಕೊಂಡು.

"ಈ ಸಿಪ್ಪಿ ಎಲ್ಲಾರದೂ ಒಂದ ನಮೂನಿ ಇರೂದಿಲ್ಲ," ಡಾಕ್ಟರು ಮುಂದುವರಿಸಿದರು. "ಒಂದಿಷ್ಟು ಅವ್ವನ ಕಡಿಂದ ಬಂದದ್ದು, ಒಂದಿಷ್ಟು ಅಪ್ಪನ ಕಡಿಂದ. ಒಬ್ಬರ ಸಿಪ್ಪ್ಯಾಗ ದಪ್ಪ ಬೀಜ ಕೂಡ್ತೈತಿ, ಇನ್ನೊಬ್ಬರದ್ರಾಗ ಸಣ್ಣದಷ್ಟ. ಸಿಪ್ಪ್ಯಾಗ ಕೂಡದ ಬೀಜ ಟಿ ಕೋಶದ ಕಣ್ಣಿಗೇ ಬೀಳೂದಿಲ್ಲ. ಬರೇ ಬೀಜ ತಂದು ಮೂಗಿನ ಮುಂದ ಹಿಡದ್ರೂ ಕಾಣೂದಿಲ್ಲ ಅದಕ್ಕ. ತಮ್ಮ ಮನಿ ಸಿಪ್ಪ್ಯಾಗ ಇಟ್ಟು ತೋರಿಸಿದ್ರಷ್ಟ ಕಾಣೂದು."

"ಅಂದ್ರ ಮನಿ ತಾಟಿನಾಗ ಬಡಿಸಿದ್ರಷ್ಟ ಉಣ್ಣೋ ಕೂಸು," ಎಂದಳು ನೀಲವ್ವ. "ನಮ್ಮನ್ಯಾಗೂ ಒಂದೈತ್ರಿ." ಎಲ್ಲರೂ ಯಾಕೋ ನನ್ನ ಕಡೆ ನೋಡಿದರು.

ಮೂಕಜ್ವರದ ವೈರಾಣು ನಮ್ಮಂತೆಯೇ ವೇಷಗಾರನಂತೆ. ದಿನಕ್ಕೊಂದು ಬಣ್ಣ. ವೇಷ ಎಷ್ಟು ಬದಲಾದರೂ ಬದಲಾಗದ ಚೂರುಗಳು ಅದರಲ್ಲಿ ಕೆಲವೇ. ಆ ಕೆಲವುಗಳಲ್ಲಿ ನಿಮ್ಮ ಸಿಪ್ಪೆಗೆ ಹೊಂದುವ ಚೂರು ಯಾವುದೆಂದು ಹುಡುಕಿ, ಅಷ್ಟನ್ನೇ ಕತ್ತರಿಸಿ ಲಸಿಕೆ ಮಾಡಬೇಕು. ಒಬ್ಬರಿಗೆ ಕತ್ತರಿಸಿದ್ದು ಇನ್ನೊಬ್ಬರಿಗೆ ಹೊಂದೀತೆಂಬ ಭರವಸೆಯಿಲ್ಲ. ಅದಕ್ಕೆಂದೇ ಒಂದು ಗಾಡಿ ಊರೂರು ತಿರುಗುತ್ತಿತ್ತು. ರಕ್ತದಿಂದ ಸಿಪ್ಪೆಯ ಅಳತೆ ತೆಗೆದು, ಹುಬ್ಬಳ್ಳಿಗೆ ಕಳಿಸಿ, ಅವರವರ ಲಸಿಕೆಯನ್ನು ಅವರವರ ಹೆಸರಲ್ಲಿ ತಂದು ಕೊಡುತ್ತಿತ್ತು. ಜನ ಅದನ್ನು ದರ್ಜಿ ಗಾಡಿ ಎನ್ನುತ್ತಿದ್ದರು.

"ಲಸಿಕಿ ಮೂಗಿಗೆ ಹಾಕೋ ಹನಿ, ತ್ರಾಸಿಲ್ಲ," ಎಂದರು ಡಾಕ್ಟರು. "ಅಳತಿಗೆ ಮಾತ್ರ ಬೆರಳಿಗೆ ಒಂದು ಸೂಜಿ."

ಆ ಮಾತಿಗೆ ಯಾರೋ ಒಬ್ಬರು ಕುರ್ಚಿಯಿಂದ ಜಾರಿ ಶೇಂಗಾ ಸಿಪ್ಪೆಯ ಮೇಲೆ ಬಿದ್ದರು. ಯಾರೆಂದು ನನಗೆ ಸರಿಯಾಗಿ ನೆನಪಿಲ್ಲ.

ಮರುದಿನ ದರ್ಜಿ ಗಾಡಿ ಬಂತು. ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಕಂಪನಿಯವರಿಗೆ ಬೆಳಿಗ್ಗೆ ಹತ್ತೆಂದರೆ ನಿಮ್ಮ ಕೋಳಿ ಕೂಗುವ ಹೊತ್ತಿಗೂ ಮುಂಚೆ. ಎರಡು ಆಟ ಆಡಿ, ಬಣ್ಣ ಒರೆಸಿ, ಉಂಡು ಮಲಗಿದವರು ಮಧ್ಯಾಹ್ನದವರೆಗೆ ಹೆಣ. ಕಾಡಸಿದ್ಧನ ಗೊರಕೆಗೆ ಡೇರೆಯ ಗೂಟಗಳು ಸಡಿಲಾಗಿ ದಿನಾ ಮತ್ತೆ ಬಡಿಯಬೇಕಾಗುತ್ತದೆ. ಗಾಡಿಯ ಸಿಸ್ಟರು ಹೆಸರು ಕೂಗಿದರೆ ಏಳುವವರು ಯಾರು? ಈ ಸಲ ತಪ್ಪಿದರೆ ಗಾಡಿ ಮತ್ತೆ ಬರುವಷ್ಟರಲ್ಲಿ ನಾಟಕವೇ ಮುಗಿದಿರುತ್ತದೆ.

ಇಲ್ಲಿ ಕಂಪನಿಯ ಕಟ್ಟಳೆಯೊಂದನ್ನು ಹೇಳಬೇಕು. ಯಾರು ಬರಲಿ ಬಿಡಲಿ, ಪಾತ್ರ ಮಾತ್ರ ರಂಗಕ್ಕೆ ಬರಲೇಬೇಕು. ರಾಜನಿಗೆ ಹೊಟ್ಟೆ ಕೆಟ್ಟರೆ ಸೇವಕ ಕಿರೀಟ ಹಾಕಿಕೊಳ್ಳುತ್ತಾನೆ. ಅತ್ತೆಗೆ ಜ್ವರ ಬಂದರೆ ಮಾವನೇ ಸೀರೆ ಉಡುತ್ತಾನೆ. ಇದಕ್ಕೆ ಬದಲಿ ಎನ್ನುತ್ತೇವೆ. ಬದಲಿ ಹೋಗುವುದು ಮೋಸವೆಂದು ನಮ್ಮಲ್ಲಿ ಯಾರಿಗೂ ಹೊಳೆಯುವುದಿಲ್ಲ, ಹೋಗದಿರುವುದೇ ಪಾಪ. ಆ ಹೊತ್ತಿನಲ್ಲಿ ಇಡೀ ಡೇರೆಯಲ್ಲಿ ಎಚ್ಚರವಾಗಿದ್ದ ಜೀವ ಒಂದೇ. ನಾನು.

ಮೊದಲು ನನ್ನ ಹೆಸರಿಗೆ ಹೋಗಿ ಬೆರಳು ಒಡ್ಡಿದೆ. ಸೂಜಿ ನನ್ನ ಚರ್ಮ ಕಂಡು ತಾನೇ ಬಾಗಿತು. ಎರಡನೆಯ ಸೂಜಿಗೆ ಹೊರಬಂದ ಹನಿ ಎಷ್ಟು ಕೆಂಪಾಗಿತ್ತೆಂದರೆ ಸಿಸ್ಟರು ಕಪ್ಪು ಕನ್ನಡಕ ಹಾಕಿಕೊಂಡರು. ಆಮೇಲೆ "ಕಾಡಸಿದ್ಧ ಮಾಸ್ತರ" ಎಂದು ಕೂಗಿದರು. ಒಳಗೆ ಹೋಗಿ ಗಡ್ಡ ಅಂಟಿಸಿಕೊಂಡು ಬಂದೆ. "ದಾಕ್ಷಾಯಣಿ ಅವ್ವಾರು" ಎಂದರು. ಪೆಟ್ಟಿಗೆಯಿಂದ ಇಳಕಲ್ ಸೀರೆ, ರೂಪಾಯಿಯಗಲ ಕುಂಕುಮ, ದಪ್ಪ ಕನ್ನಡಕ. ಹೀಗೆ ಹದಿನೇಳು ಮಂದಿ. ಪ್ರತಿಯೊಬ್ಬರಿಗೂ ಬೇರೆ ನಡಿಗೆ, ಬೇರೆ ಕೆಮ್ಮು. ಗಾಡಿಯ ಕ್ಯಾಮರಾ ಎಲ್ಲರದ್ದೂ ಫೋಟೋ ತೆಗೆಯಿತು. ಅಳತೆ ತೆಗೆಯುವ ಯಂತ್ರಕ್ಕೆ ಸಿಪ್ಪೆಯ ಜೀನುಗಳನ್ನಷ್ಟೇ ಓದುವ ವಿದ್ಯೆ. ಗಂಡೋ ಹೆಣ್ಣೋ, ಮುದುಕರೋ ಎಳೆಯರೋ ಅದಕ್ಕೆ ಬೇಡ. ಬೆರಳಿನಲ್ಲಿ ಜಾಗ ಸಾಲದೆ ಕೊನೆಗೆ ಎರಡು ಕೈ ಹೆಚ್ಚಿಗೆ ಬೆಳೆಸಬೇಕಾಯಿತು.

ನೀಲವ್ವ ಈಗ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾಳೆ. ಬೆಳಕಿಗೆ ಅಡ್ಡ ಕೂತೆನೇನೋ. ಸ್ವಲ್ಪ ಸರಿದು ಮುಂದುವರಿಸುತ್ತೇನೆ.

ಇನ್ನು ಹುಬ್ಬಳ್ಳಿಯ ಪ್ರಯೋಗಾಲಯ. ನಾನು ಅಲ್ಲಿರಲಿಲ್ಲ; ನಾನಿಲ್ಲದ ಕಡೆ ನಡೆದದ್ದೇ ನನಗೆ ಹೆಚ್ಚು ಸ್ಪಷ್ಟವಾಗಿ ಗೊತ್ತಿರುತ್ತದೆ. ಅಲ್ಲಿ ಒಂದು ದೊಡ್ಡ ಪರದೆ. ಒಬ್ಬೊಬ್ಬರ ಸಿಪ್ಪೆಗಳಿಗೆ ಒಂದೊಂದು ಬಣ್ಣದ ಪಟ್ಟೆ. ಬೇರೆ ಊರುಗಳ ಜನರದ್ದು ಪರದೆಯ ಮೇಲೆ ಕೌದಿಯ ಹಾಗೆ ಕಾಣುತ್ತಿತ್ತು, ಒಂದು ತುಂಡಿನ ಹಾಗೆ ಇನ್ನೊಂದಿಲ್ಲ. ಹಾಲಗಂಗಾ ನಾಟ್ಯ ಸಂಘದ ಹದಿನೇಳು ಸಾಲು ಬಂದಾಗ ಮಾತ್ರ ಮೇಲಿಂದ ಕೆಳಗೆ ಒಂದೇ ನೇರ ಅಂಚು. ಕೈಮಗ್ಗದ ಸೀರೆಯ ದಡಿಯ ಹಾಗೆ.

ಯಂತ್ರ ಕೆಟ್ಟಿದೆ ಎಂದು ಮತ್ತೊಮ್ಮೆ ಓದಿಸಿದರು. ಅದೇ ಅಂಚು.

"ಎಲ್ಲಾ ಒಂದ ಮನಿಯವರಿರಬೇಕು ಮೇಡಂ," ಎಂದರಂತೆ ಅಲ್ಲಿಯ ಒಬ್ಬರು.

"ಒಂದ ತಾಯಿ ತಂದಿ ಮಕ್ಕಳಾದ್ರೂ ಹಿಂಗ ಪೂರಾ ಕೂಡಿ ಬರೂದು ನಾಲ್ಕಕ್ಕೊಂದು ಸಲ," ಎಂದರು ರಿಜ್ವಾನಾ ಡಾಕ್ಟರು. "ಇವ್ರೊಳಗ ಸೊಲ್ಲಾಪುರದವ್ರು ಅದಾರ, ರಾಯಚೂರವ್ರು ಅದಾರ. ಹದಿನೇಳು ಮಂದಿ ಒಂದ ಅಚ್ಚಿನಾಗ ಹ್ಯಾಂಗ ಬಿದ್ರು?"

ಆಕೆಯ ಮುಂದಿನ ಚಹಾ ಆರಿಹೋಯಿತು. ಮೂರು ದೇಶದ ವಿಜ್ಞಾನಿಗಳು ಪೆನ್ನು ಬಾಯಲ್ಲಿಟ್ಟುಕೊಂಡು ಚಿಂತಿಸಿದರು. ಒಬ್ಬರು ಪೆನ್ನು ನುಂಗಿದರು. ಅಷ್ಟರಲ್ಲಿ ಯಂತ್ರ ತನ್ನ ಪಾಡಿಗೆ ತಾನು ಹದಿನೇಳು ಸೀಸೆ ಲಸಿಕೆ ಕತ್ತರಿಸಿ ಮುಗಿಸಿತ್ತು. ಹೆಸರು ಬೇರೆ ಬೇರೆ, ಒಳಗಿನದು ಒಂದೇ. ಎಲ್ಲರೂ ಮೂಗಿಗೆ ಹಾಕಿಕೊಂಡು ನಿಶ್ಚಿಂತರಾದರು. ತಾಲೀಮು ಜೋರಾಗಿ ನಡೆಯಿತು.

ಕೆಲವು ವಾರದ ಮೇಲೆ ಡಾಕ್ಟರು ಮತ್ತೆ ಬಂದರು. ಈ ಸಲ ಸೂಜಿಯಿಲ್ಲ. ಮೊಣಕೈಗೆ ಅಂಟಿಸುವ ಪಟ್ಟಿ. ಅದರಲ್ಲಿ ಲಸಿಕೆಯ ಚೂರುಗಳೇ ಇರುತ್ತವೆ. ಒಳಗಿನ ಸಹಾಯಕ ಟಿ ಕೋಶಗಳಿಗೆ ಗುರುತು ಸಿಕ್ಕಿದ್ದರೆ ಅವು ಅಲ್ಲಿಗೆ ಓಡಿ ಬಂದು ಸೇರುತ್ತವೆ, ಅರಿಶಿನ ಬಣ್ಣದ ಪಟ್ಟಿ ಎರಡು ದಿನದಲ್ಲಿ ಕುಂಕುಮಕ್ಕೆ ತಿರುಗುತ್ತದೆ. ಸಿಪ್ಪೆಯಲ್ಲಿ ಬೀಜ ಕೂಡದಿದ್ದರೆ ಅರಿಶಿನ ಅರಿಶಿನವಾಗಿಯೇ ಉಳಿಯುತ್ತದೆ.

ಎರಡು ದಿನದ ಮೇಲೆ ಎಲ್ಲರೂ ತೋಳು ಚಾಚಿ ಸಾಲಾಗಿ ನಿಂತೆವು. ನನ್ನ ಪಟ್ಟಿ ಎಷ್ಟು ಕೆಂಪಗಾಗಿತ್ತೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳು ಸಿಗ್ನಲ್ ಅಂದುಕೊಂಡು ನಿಂತವು. ಕಾಡಸಿದ್ಧನದ್ದು, ದಾಕ್ಷಾಯಣಿ ಅವ್ವಾರದ್ದು, ಇನ್ನೂ ಕೆಲವರದ್ದು ಮಾಸಿದ ಕೆಂಪು. ಉಳಿದವರದ್ದು ಅರಿಶಿನ. ಎಲ್ಲಕ್ಕಿಂತ ಹಸಿ ಅರಿಶಿನ ನೀಲವ್ವನದ್ದು.

ಡಾಕ್ಟರು ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು.

"ಅವ್ವಾರ, ಸಿಪ್ಪಿ ಎಲ್ಲಾರದೂ ಒಂದ ಇದ್ದಿದ್ರ ಪಟ್ಟಿನೂ ಎಲ್ಲಾರದೂ ಕೆಂಪಾಗಬೇಕಿತ್ತು. ಇದು ಒಬ್ಬರ ಅಳತಿ. ಉಳದವ್ರ ಪೈಕಿ ಯಾರ ಹತ್ರ ಅಕಸ್ಮಾತ್ ಅಂಥಾದ ಒಂದು ಸಿಪ್ಪಿ ಇತ್ತೋ, ಅವ್ರಿಗಷ್ಟ ಹತ್ತೈತಿ." ಆಮೇಲೆ ಚೀಲದಿಂದ ಫೋಟೋಗಳನ್ನು ತೆಗೆದು ರಂಗದ ಅಂಚಿನ ಮೇಲೆ ಸಾಲಾಗಿ ಹರಡಿದರು. ಗಡ್ಡ ಬೇರೆ, ಸೀರೆ ಬೇರೆ, ಕನ್ನಡಕ ಬೇರೆ. ಮೂಗು ಒಂದೇ.

ಅವ್ವಾರು ಬಹಳ ಹೊತ್ತು ನೋಡಿದರು. "ಇಷ್ಟು ಚಂದ ಸೀರಿ ನಾ ಎಂದೂ ಉಟ್ಟಿಲ್ಲ," ಎಂದರು.

ನಾನು ಮುಂದೆ ಬಂದು, ಎದೆ ಸೆಟೆಸಿ, ತಪ್ಪು ನನ್ನದು, ಶಿಕ್ಷೆ ನನಗಿರಲಿ, ನಾಟಕ ಉಳಿಯಲಿ ಎಂದು ಸಾರಿದೆ. ಡೇರೆಯೇ ಅತ್ತಿತು. ಡಾಕ್ಟರು ಸಿಟ್ಟಾಗುವ ಪ್ರಯತ್ನ ಮಾಡಿದರು, ಆಗಲಿಲ್ಲ. 'ಕಾಡಸಿದ್ಧ'ನ ಫೋಟೋ ನೋಡಿ ಕುರ್ಚಿ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ನಗೂ ಮಾತಲ್ಲ. ಅರಿಶಿಣ ಪಟ್ಟಿಯವ್ರಿಗೆ ಈಗ ಜ್ವರ ಬಂದ್ರ ತಡಿಯಾಕ ಏನೂ ಇಲ್ಲ," ಎಂದರು. ಮರುದಿನವೇ ಗಾಡಿ ಕರೆಸಿದರು, ಈ ಸಲ ಮಧ್ಯಾಹ್ನ ಮೂರಕ್ಕೆ.

ಸರಿಯಾದ ಅಳತೆ ಹುಬ್ಬಳ್ಳಿಗೆ ಹೋದಾಗ ಪರದೆಯ ಮೇಲೆ ಅಂಥ ಕೌದಿ ಅವರು ಕಂಡೇ ಇರಲಿಲ್ಲವಂತೆ. ಎಲ್ಲೆಲ್ಲಿಂದಲೋ ಬಂದು ಒಂದೇ ಒಲೆಯ ಮೇಲೆ ಬೇಯಿಸಿಕೊಂಡು ಉಣ್ಣುವ ಜನ. ಒಬ್ಬರ ಸಿಪ್ಪೆಯಿಂದ ಜಾರಿದ ಚೂರು ಇನ್ನೊಬ್ಬರ ಸಿಪ್ಪೆಯಲ್ಲಿ ಗಟ್ಟಿಯಾಗಿ ಕೂರುತ್ತಿತ್ತು. ಡಾಕ್ಟರು ಅವ್ವಾರಿಗೆ ಫೋನಿನಲ್ಲಿ ಹೇಳಿದರು: "ಯಾವ ರೋಗಾಣುನೂ ಇಷ್ಟೂ ಮಂದಿ ಕಣ್ಣಿಗೆ ಒಂದ ಸಲ ಮಣ್ಣೆರಚಾಕ ಆಗೂದಿಲ್ಲ ಬಿಡ್ರಿ. ನಿಮ್ಮ ಕಂಪನಿ ಒಡೀಬ್ಯಾಡ್ರಿ." ಅವ್ವಾರು ಆ ಮಾತನ್ನು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿದರು.

ಆದರೆ ಗಾಡಿ ಬಂದ ಆ ಮಧ್ಯಾಹ್ನ ನೀಲವ್ವ ಊರಲ್ಲಿರಲಿಲ್ಲ. ವಿಗ್ಗು ತರುವ ನೆಪದಲ್ಲಿ ಕುಷ್ಟಗಿಗೆ ಹೋಗಿದ್ದಳು. ಅವಳ ಅಳತೆ ಹೋಗಲಿಲ್ಲ, ಲಸಿಕೆ ಬರಲಿಲ್ಲ. ಹೊಸ ನಾಟಕಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಅವಳಿಗೆ ಮೈ ಬಿಸಿಯಾಯಿತು. ಜ್ವರ ಇಳಿದ ಬೆಳಿಗ್ಗೆ ಚಹಾ ಕೇಳಲು ಬಾಯಿ ತೆರೆದಳು. ಬರೀ ಗಾಳಿ ಬಂತು. ನಾಯಕಿಯಿಲ್ಲದೆ ನಾಟಕವುಂಟೇ? ಹೆದರಬೇಡ ಎಂದೆ. ನಾಟಕದ ರಾತ್ರಿ ನಾನು ಮೀಸೆಯ ಮರೆಯಲ್ಲಿ ದಳವಾಯಿಯ ಮಾತನ್ನೂ ಆಡಿದೆ, ಅವಳ ಹಾಡುಗಳನ್ನೂ ಹೆಣ್ಣು ಗಂಟಲಿನಲ್ಲಿ ಹಾಡಿದೆ. ನನ್ನ ತಾರ ಷಡ್ಜಕ್ಕೆ ಗಜೇಂದ್ರಗಡದ ಕೋಟೆಯ ಬಾಗಿಲು ತಾನಾಗಿ ತೆರೆಯಿತು, ಎಮ್ಮೆಗಳು ಎರಡು ಪಾಲು ಹಾಲು

"ಸಾಕು ಮಾಡ್ರಿ."

ಎದುರಿಗೆ ಕೂತವಳು ತಲೆಕೆಳಗಾದ ಅಕ್ಷರ ಓದಬಲ್ಲಳೆಂಬುದು ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ತಿಳಿದಿರಲಿಲ್ಲ. ಚಿಕ್ಕಂದಿನಲ್ಲಿ ಒಂದೇ ನಾಟಕದ ಪ್ರತಿಯನ್ನು ನಾಲ್ಕು ಜನ ಸುತ್ತ ಕೂತು ಓದುತ್ತಿದ್ದರಂತೆ. ಅವಳ ಪಾಲಿಗೆ ಯಾವಾಗಲೂ ತಲೆಕೆಳಗಿನ ಬದಿ.

"ಕುಷ್ಟಗಿಗೆ ಹೋದವ್ರು ಯಾರ್ರಿ?" ಎಂದಳು.

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಆ ಫೋಟೋದ ಮೂಗಿನಾಗ ಮೂಗುಬಟ್ಟಿನ ತೂತು ಇತ್ತಲ್ಲ, ಮಾಸ್ತರನ ಗಡ್ಡದ ಮ್ಯಾಲೆ. ಅದನ್ನ ನೋಡೇ ಡಾಕ್ಟರಬಾಯಿ ನಕ್ಕದ್ದು. ಅದು ಯಾಕ ಬರೀಲಿಲ್ಲ?"

"ಜಾಗ ಸಾಲಲಿಲ್ಲ."

"ಹಿಂದಿನ ಮಗ್ಗಲ ಖಾಲಿ ಐತಿ." ಅವಳು ಹಾಳೆ ತಿರುಗಿಸಿ ಇಟ್ಟಳು. "ಬರೀರಿ. ನಾ ಇಲ್ಲೇ ಕೂತಿರ್ತೀನಿ."

ಬರೆಯುತ್ತೇನೆ.

ಆ ಬೆಳಿಗ್ಗೆ ಎಚ್ಚರವಾಗಿದ್ದವಳು ನೀಲವ್ವ. ಒಲೆ ಹಚ್ಚಿ ಎಲ್ಲರಿಗೂ ಚಹಾಕ್ಕೆ ನೀರಿಟ್ಟಿದ್ದಳು. ಎಲ್ಲರನ್ನೂ ಅಲುಗಾಡಿಸಿ ನೋಡಿದಳು, ಒಬ್ಬರೂ ಏಳಲಿಲ್ಲ. ಕಾಡಸಿದ್ಧನ ಗಡ್ಡವನ್ನು ಅಂಟಿಸಿಕೊಂಡದ್ದು, ಅವ್ವಾರ ಸೀರೆ ಉಟ್ಟದ್ದು, ಹದಿನೇಳು ಸಲ ಸೂಜಿಗೆ ಬೆರಳು ಕೊಟ್ಟದ್ದು ಎಲ್ಲ ಅವಳು. ನಾನೂ ಎಚ್ಚರವಿದ್ದೆ. ದಳವಾಯಿಯ ಸಿಂಹಾಸನದ ಕೆಳಗೆ, ಕಂಬಳಿ ಹೊದ್ದು. ನನ್ನ ಹೆಸರು ಕೂಗಿದಾಗ ನನ್ನ ಮೀಸೆ ಹಚ್ಚಿಕೊಂಡು ಹೋಗುವ ಮುನ್ನ ಬಗ್ಗಿ ನೋಡಿ, "ನೀವು ಮಲಕ್ಕೋರಿ, ನಾ ಹೋಗಿ ಬರ್ತೀನಿ," ಎಂದಿದ್ದಳು. ಆ ಕುರ್ಚಿಯಿಂದ ಜಾರಿ ಬಿದ್ದವನೂ ನಾನೇ. ಬಹುಶಃ ನಿಮಗೆ ಆಗಲೇ ಗೊತ್ತಾಗಿರಬೇಕು.

ಕೆಂಪಾದ ಪಟ್ಟಿ ಅವಳದ್ದು. ಹಸಿ ಅರಿಶಿನ ನನ್ನದು. ತಪ್ಪು ನನ್ನದು ಎಂದು ಮುಂದೆ ಬಂದವಳೂ ಅವಳೇ; ಎದೆ ಸೆಟೆಸಲಿಲ್ಲ, ಯಾರೂ ಅಳಲೂ ಇಲ್ಲ. "ಬದಲಿ ಹೋದ್ರ ಪಾತ್ರ ನಡೀತೈತಿ ಅಂದ್ಕೊಂಡಿದ್ನಿರಿ ಮೇಡಂ, ರಕ್ತಕ್ಕ ಬದಲಿ ಇಲ್ಲಂತ ಗೊತ್ತಿರಲಿಲ್ಲ," ಎಂದಳು ಅಷ್ಟೇ. ಗಾಡಿ ಎರಡನೆಯ ಸಲ ಬಂದಾಗ ವಿಗ್ಗಿನ ನೆಪ ಹೇಳಿ ಕುಷ್ಟಗಿ ಬಸ್ಸು ಹತ್ತಿದವನು ನಾನು. ಜ್ವರ ಬಂದದ್ದು ನನಗೆ. ಬಾಯಿ ತೆರೆದರೆ ಬರೀ ಗಾಳಿ ಬಂದದ್ದು ನನಗೆ.

ಆ ಬೆಳಿಗ್ಗೆ ನಾನು ಅತ್ತೆ. ಅಳುವುದಕ್ಕೂ ಧ್ವನಿಯಿರಲಿಲ್ಲ. ಪರದೆ ಎಳೆಯುವ ಹಗ್ಗ ನೋಡಿಕೊಂಡು ಕೂತಿದ್ದೆ. ಅದು ನನಗೇ ಕಾದಿರುವ ಹಾಗೆ ತೂಗಾಡುತ್ತಿತ್ತು. ಅವ್ವಾರು ಬಂದು ನಾಟಕ ಮುಂದಕ್ಕೆ ಹಾಕುತ್ತೇನೆ ಎಂದರು. ನೀಲವ್ವ ಒಪ್ಪಲಿಲ್ಲ.

"ಮೈ ಐತಲ್ಲ ಅವ್ವಾರ. ಮಾತಿಗೆ ಬದಲಿ ನಾ ಬರ್ತೀನಿ."

ಅವಳಿಗೆ ನನ್ನ ಮಾತೆಲ್ಲ ಬಾಯಿಪಾಠ. ಆದರೆ ಅವಳೂ ನನ್ನ ಜೊತೆ ರಂಗದ ಮೇಲೆಯೇ ಇರಬೇಕಾದವಳು. ಹಾಗಾಗಿ ಒಂದು ಉಪಾಯ ಹೂಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದರೆ ನನ್ನ ಮಾತು. ಸೆರಗು ಇಳಿಸಿದರೆ ತನ್ನ ಮಾತು. ಮೊದಲ ಎರಡು ಮಾತಿಗೆ ಜನ ಕಕ್ಕಾಬಿಕ್ಕಿಯಾದರು. ಮೂರನೆಯದಕ್ಕೆ ಗುಟ್ಟು ಹಿಡಿದರು. ಆಮೇಲೆ ಅವಳು ಸೆರಗಿಗೆ ಕೈ ಹಾಕಿದರೆ ಸಾಕು, ನಗು ಮೊದಲೇ ಶುರುವಾಗುತ್ತಿತ್ತು.

ನಾನು ಮೀಸೆ ತಿರುವಿ ಬಾಯಿ ಆಡಿಸಿದೆ. ಸೆರಗು ಮೇಲೇರಿತು. "ನಾನು ಏಳು ಸೀಮಿಗೆ ಒಬ್ಬನ ಗಂಡಸು," ಎಂದಿತು ಹೆಣ್ಣು ದನಿ. ಅಲ್ಲಿಯವರೆಗೆ ಬರೆದ ಮಾತೇ. ಆಮೇಲೆ ಬರೆಯದ ಮಾತು ಬಂತು: "ಹುಲಿ ಹಾದೀಗೆ ಅಡ್ಡ ಬಂದ್ರ ಕಿವಿ ಹಿಂಡ್ತೀನಿ. ಸೂಜಿ ಅಡ್ಡ ಬಂದ್ರ ಮಾತ್ರ ಸಿಂಹಾಸನದ ಕೆಳಗ ಹೋಗಿ ಮಲಗ್ತೀನಿ."

ಏನು ಮಾಡಲಿ? ತಿರುಗಿ ಹೇಳಲು ಬಾಯಿಲ್ಲ. ಅವಳು ಹೇಳಿದ್ದಕ್ಕೆಲ್ಲ ಅಭಿನಯ ಮಾಡಲೇಬೇಕು. ಹುಲಿಯ ಕಿವಿ ಹಿಂಡಿದೆ. ಸಿಂಹಾಸನದ ಕೆಳಗೆ ತೂರಿದೆ, ಅರ್ಧಕ್ಕೆ ಸಿಕ್ಕಿಕೊಂಡೆ. ಕಾಡಸಿದ್ಧ ಹಾರ್ಮೋನಿಯಂ ಮೇಲೆ ತಲೆಯಿಟ್ಟು ನಕ್ಕದ್ದಕ್ಕೆ ಅದರ ಸ್ವರದ ಮನೆಗಳೆಲ್ಲ ಒಟ್ಟಿಗೆ ಒದರಿದವು. ಸೆರಗು ಇಳಿಯಿತು. "ಹೊರಗ ಬರ್ರಿ ದಳವಾಯಾರ, ಸೂಜಿ ಹೋತು," ಎಂದಳು ತನ್ನ ದನಿಯಲ್ಲಿ. ಮುಂದಿನ ಸಾಲಿನ ಮುದುಕರೊಬ್ಬರ ಹಲ್ಲಿನ ಸೆಟ್ಟು ಆ ದಿನ ನಿಜವಾಗಿಯೂ ಉದುರಿತು. ಅದೊಂದು ಮಾತ್ರ, ಒಂದೇ ಒಂದು. ನಾನೇ ಹೆಕ್ಕಿ ಕೊಟ್ಟೆ.

ಆ ನಾಟಕ ಗಜೇಂದ್ರಗಡದಲ್ಲಿ ನಿಲ್ಲದೆ ಓಡಿತು. ದಿನಕ್ಕೊಂದು ಹೊಸ ಬೈಗುಳ ನನ್ನ ಬಾಯಿಂದಲೇ ನನಗೆ ಬೀಳುತ್ತಿತ್ತು. ಇಪ್ಪತ್ತು ವರ್ಷ ನಾನು ನಗಿಸಿದವನು. ಅಂಥ ನಗು ನನ್ನ ಸ್ವಂತ ದನಿಗೆ ಒಂದು ದಿನವೂ ಬಂದದ್ದಿಲ್ಲ. ಡಾಕ್ಟರು ಎರಡು ಸಲ ಬಂದು ನೋಡಿದರು. ಎರಡನೆಯ ಸಲ ಸೂಜಿಯನ್ನೂ ತಂದಿದ್ದರು. ಜ್ವರ ಬಂದು ಹೋದ ಮೈಯಲ್ಲಿ ನನ್ನ ಸಿಪ್ಪೆಗಳು ಯಾವ ಚೂರು ಹಿಡಿದು ತೋರಿಸಿದವೆಂದು ನೋಡಬೇಕಾಗಿತ್ತಂತೆ. ನೀಲವ್ವ ಕೈ ಹಿಡಿದುಕೊಂಡಳು. ಬೆರಳು ಕೊಟ್ಟೆ. ಸೂಜಿ ಬಾಗಲಿಲ್ಲ. ಹನಿ ಎಲ್ಲರ ರಕ್ತದಷ್ಟೇ ಕೆಂಪಾಗಿತ್ತು. ನಾನು ಆಮೇಲೆ ಸ್ವಲ್ಪ ಹೊತ್ತು ಮಲಗಿದೆ.

ಇಷ್ಟು ಬರೆದು ಹಾಳೆಯನ್ನು ಅವಳ ಕಡೆ ನೂಕಿದೆ. ಈ ಸಲ ನೇರವಾಗಿಯೇ ಓದಿದಳು.

"ಇನ್ನೊಂದು ಉಳೀತು," ಎಂದಳು.

"ಇನ್ನೇನು?"

"ದನಿ ಯಾವಾಗ ಬಂತು?"

ಬಂದದ್ದು ಶಿವರಾತ್ರಿ ಕಳೆದ ಮೇಲೆ, ಒಂದು ಮಧ್ಯಾಹ್ನ ಸ್ನಾನ ಮಾಡುವಾಗ. ನೀರು ಬಿಸಿ ಹೆಚ್ಚಾಯಿತೆಂದು "ಅವ್ವಾ" ಎಂದೆ, ಕೇಳಿಸಿತು. ಬೇಗನೆ ಬಾಯಿ ಮುಚ್ಚಿಕೊಂಡೆ. ಯಾರಿಗೂ ಹೇಳಲಿಲ್ಲ. ಯುಗಾದಿಯವರೆಗೂ ಹೇಳಲಿಲ್ಲ. ಹೇಳಿದರೆ ಸೆರಗು ಇಳಿಯುತ್ತದೆ, ನನ್ನ ಮಾತು ನನಗೆ ವಾಪಸು ಬರುತ್ತದೆ, ಆ ನಗು ಹೋಗುತ್ತದೆ. ಅದಕ್ಕಿಂತಲೂ, ಸೆರಗಿನ ಹಿಂದಿನಿಂದ ಅವಳು ನನ್ನನ್ನು ಬಯ್ಯುವಾಗ ಅವಳ ಕಣ್ಣು ಎಷ್ಟು ಹೊಳೆಯುತ್ತಿದ್ದವೆಂದರೆ... ಇಲ್ಲಿ ಹೆಚ್ಚಿಸಿ ಬರೆಯಲು ನನಗೆ ಏನೂ ಸಿಗುತ್ತಿಲ್ಲ. ಹೊಳೆಯುತ್ತಿದ್ದವು. ಅಷ್ಟೇ.

"ನಂಗ ಗೊತ್ತಿತ್ತು," ಎಂದಳು ನೀಲವ್ವ, ಶೇಂಗಾ ಸಿಪ್ಪೆಗಳನ್ನು ಮೊರಕ್ಕೆ ಗುಡಿಸಿಕೊಳ್ಳುತ್ತ. "ನಿದ್ದಿಗಣ್ಣಾಗ ಇಡೀ ಎರಡನೇ ಅಂಕ ಒದರಿದ್ರಿ. ಹುಲಿಯಿಂದ ಹಿಡದು."

"ಮತ್ತ ಹೇಳಲಿಲ್ಲ ನೀನು?"

"ನಿಮ್ಮ ಬಾಯಿಲೆ ನಿಮ್ಮನ್ನ ಬಯ್ಯೋ ಸುಖ ಯಾರಿಗೆ ಸಿಗತೈತ್ರಿ? ಯಾವಾಗ ನೀವ ಹೇಳ್ತೀರಿ, ಅಲ್ಲೀತನಕ ನಡೀಲಿ ಅಂತ ಬಿಟ್ನಿ." ಎದ್ದು ಬಾಗಿಲವರೆಗೆ ಹೋದವಳು ನಿಂತಳು. "ಮೀನಿಂದೂ ಬರೀರಿ."

"ಅದು ಇರಲಿ ಬಿಡ."

"ಬರೀರಿ."

ಮೀನುಗಳು ಮೊದಲಿನಿಂದಲೂ ಮಾತಾಡುತ್ತಿರಲಿಲ್ಲ. ಇಸವಣವೂ ಹಾಡುತ್ತಿರಲಿಲ್ಲ.